ಮಾಳಿಗೆಯ ಅಡ್ಡಗೋಡೆ

ಮಾರ್ಕ 3:9 ತೆಗೀರಿ. ಜನ ಮೈಮೇಲೆ ನುಗ್ಗಬಾರದು, ಒಂದು ಚಿಕ್ಕ ದೋಣಿ ಸಿದ್ಧ ಇಟ್ಟಿರಿ ಅಂತ ಯೇಸು ಸ್ವಾಮಿ ಶಿಷ್ಯರಿಗೆ ಹೇಳ್ತಾರೆ. ಸಮುದ್ರವನ್ನೇ ಗದರಿಸಬಲ್ಲವರು! ಆದ್ರೂ ದೋಣಿ ಇಡಿಸಿದರು. ಎಷ್ಟೋ ಸಲ ಇದನ್ನ ಓದಿ ದಾಟಿಬಿಟ್ಟಿದ್ದೆ.

2025ರ ಜೂನ್ 4 ನೆನಪಿದೆ ಅಲ್ವಾ? 18 ವರ್ಷ ಕಾದು ಆರ್‌ಸಿಬಿ ಕಪ್ ಗೆದ್ದ ಮರುದಿನ. ಸುಮಾರು 35,000 ಜನ ಹಿಡಿಯುವ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಲಕ್ಷಗಟ್ಟಲೆ ಜನ. ಗೇಟ್‌ಗಳ ಬಳಿ ಕಾಲ್ತುಳಿತ, 11 ಸಾವು. ಹೆಚ್ಚಿನವರು ನಮ್ಮ ಮನೆ ಮಕ್ಕಳ ವಯಸ್ಸಿನವರು. "ಕ್ರಿಕೆಟ್ ಹುಚ್ಚು, ಅದಕ್ಕೇ ಹೀಗಾಯ್ತು" ಅಂತ ನಮ್ಮಲ್ಲೇ ಕೆಲವರು ಅಂದ್ರು. ದಯವಿಟ್ಟು ಹಾಗನ್ನಬೇಡಿ. ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ 1989ರ ದುರಂತ 97 ಜನರನ್ನ ಬಲಿ ತಗೊಂಡಿತು. ಆಗಲೂ ತಪ್ಪನ್ನ ಅಭಿಮಾನಿಗಳ ತಲೆಗೇ ಕಟ್ಟಿದ್ರು. ತಪ್ಪು ಅವರದಲ್ಲ ಅಂತ ಜ್ಯೂರಿ ಹೇಳೋಕೆ 2016 ಬರಬೇಕಾಯ್ತು.

ಧರ್ಮೋಪದೇಶಕಾಂಡ 22:8 ನೋಡಿ. ಮಾಳಿಗೆಗೆ ಅಡ್ಡಗೋಡೆ ಇಲ್ಲದೆ ಯಾರಾದ್ರೂ ಬಿದ್ದರೆ ರಕ್ತಾಪರಾಧ ಬಿದ್ದವನ ಮೇಲಲ್ಲ, ಮನೆ ಕಟ್ಟಿದವನ ಮೇಲೆ. ಜನರನ್ನ ಕರೆದವರೇ ಲೆಕ್ಕ ಒಪ್ಪಿಸಬೇಕು.

ಬೇರೆಯವರ ಕಡೆ ಬೆರಳು ತೋರಿಸೋ ಮುಂಚೆ ನನ್ನ ವಿಷಯ ಹೇಳ್ತೀನಿ. ಗುಬ್ಬಿಯ ಉಪವಾಸ ಪ್ರಾರ್ಥನೆಯಲ್ಲಿ ಹಾಲ್ ತುಂಬಿದ್ದು ನೋಡಿ ಹಲ್ಲೆಲೂಯಾ ಅಂದೆ. ಹಿಂಬಾಗಿಲಿಗೆ ಅಡ್ಡವಾಗಿ ಸ್ಪೀಕರ್ ಬಾಕ್ಸ್ ಇಡಿಸಿದ್ದವನೂ ನಾನೇ. ಒಬ್ಬ ಅಜ್ಜಿ ತಲೆಸುತ್ತಿ ಬಿದ್ದಾಗ ಹೊರಗೆ ಕರ್ಕೊಂಡು ಹೋಗೋಕೆ ದಾರಿ ಇರಲಿಲ್ಲ. ಕರ್ತನ ಕೃಪೆ, ಉಳಿದರು. ಆದ್ರೆ ಕೃಪೆಯ ಹೆಸರು ಹೇಳಿ ನಾನು ತಪ್ಪಿಸಿಕೊಳ್ಳೋಕಾಗಲ್ಲ.

ಮುಂದಿನ ಶನಿವಾರ ಕುಣಿಗಲ್ ಕೂಟ ಇದೆ. ಆರಾಧನೆ ಹೊತ್ತಲ್ಲೂ ಎರಡೂ ಬಾಗಿಲ ಹತ್ತಿರ ನಾಲ್ಕು ಯೌವನಸ್ಥರು ನಿಂತಿರಬೇಕು. ಯಾರು ನಿಲ್ತೀರಿ, ಕೈ ಎತ್ತಿ.