ನಾಲಗೆಗೆ ಕಾವಲು ಯಾರು?

ಮಾತೆಂಬುದು ಗಾಳಿಯಲ್ಲಿ ಲಯವಾಗಿ ಹೋಗುವ ಬರಿಯ ಧ್ವನಿಯಲ್ಲ. ಅದೂ ಒಂದು ಕ್ರಿಯೆ. ಕ್ರಿಯೆಯಾದುದರಿಂದ ಅದಕ್ಕೆ ಫಲವುಂಟು. ಫಲವಿರುವುದರಿಂದ ಆಡಿದವನಿಗೆ ಅದರ ಹೊಣೆಯುಂಟು. ಶರಣಧರ್ಮವು ನಡೆನುಡಿಗಳ ಐಕ್ಯವನ್ನು ಅಷ್ಟು ಒತ್ತಿ ಬೋಧಿಸಿರುವುದು ಇದೇ ಕಾರಣದಿಂದ. ಆದರೆ ಆಡುವವನು ತನ್ನ ಹೊಣೆಯನ್ನು ಮರೆತಾಗ ಅವನ ಬಾಯನ್ನು ಮುಚ್ಚಿಸುವ ಅಧಿಕಾರ ಯಾರದು? ಪ್ರಭುತ್ವದ್ದೆ? ಮಾತಿನ ಸಂತೆಯನ್ನು ನಡೆಸುವ ವರ್ತಕನದೆ? ಕೇಳಿ ನೊಂದವರ ಗುಂಪಿನದೆ? ಪ್ರಶ್ನೆ ಪುರಾತನವಾದುದು. ಅಂಗೈಯಲ್ಲಿ ಅಡಗುವ ಯಂತ್ರದ ಮೂಲಕ ಊರಿಗೆ ಊರೇ ಏಕಕಾಲದಲ್ಲಿ ಮಾತನಾಡುತ್ತಿರುವ ಈ ದಿನಗಳಲ್ಲಿ ಅದು ಮತ್ತೆ ನಮ್ಮ ಮುಂದೆ ನಿಂತಿದೆ.

ಮಂಗಳೂರಿನಲ್ಲಿರುವ ನಮಗೆ ಇದು ಪಾಠಶಾಲೆಯ ತರ್ಕಾಭ್ಯಾಸವಲ್ಲ. ತುಳು, ಕನ್ನಡ, ಕೊಂಕಣಿ, ಬ್ಯಾರಿ ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಊರಿದು. ಇಲ್ಲಿ 2019ರ ಡಿಸೆಂಬರ್ 19ರಂದು, ಪೌರತ್ವ ತಿದ್ದುಪಡಿ ಕಾಯಿದೆಯನ್ನು ವಿರೋಧಿಸಿ ನಡೆದ ಪ್ರತಿಭಟನೆಯ ಸಂದರ್ಭದಲ್ಲಿ, ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಆ ರಾತ್ರಿಯಿಂದ ಅಂತರ್ಜಾಲದ ಸಂಪರ್ಕವನ್ನು ಸರ್ಕಾರ ಕಡಿದುಹಾಕಿತು. ಸುಳ್ಳಾಡುವವನ ಬಾಯೊಡನೆ ಮನೆಯವರ ಕ್ಷೇಮವನ್ನು ವಿಚಾರಿಸುವವನ ಬಾಯೂ ಮುಚ್ಚಿತು. 2025ರ ಏಪ್ರಿಲ್ 27ರಿಂದ ಮೇ 27ರವರೆಗಿನ ಒಂದೇ ತಿಂಗಳಲ್ಲಿ ಕುಡುಪು, ಬಜ್ಪೆ ಮತ್ತು ಬಂಟ್ವಾಳ ತಾಲೂಕಿನಲ್ಲಿ ಮೂರು ಕೊಲೆಗಳಾದವು. ಅವುಗಳ ಬೆನ್ನಲ್ಲೇ ಜಾಲತಾಣಗಳಲ್ಲಿ ಪ್ರತೀಕಾರದ ಕೂಗೆದ್ದು, ಪ್ರಚೋದಕ ಬರಹಗಳ ಮೇಲೆ ಪೊಲೀಸರು ಮೊಕದ್ದಮೆಗಳನ್ನು ಹೂಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದ್ವೇಷಭಾಷಣವನ್ನು ತಡೆಯುವ ವಿಧೇಯಕವೊಂದಕ್ಕೆ ರಾಜ್ಯದ ವಿಧಾನಮಂಡಲವು ಒಪ್ಪಿಗೆಯಿತ್ತಿತು. ಒಬ್ಬರು ಇದನ್ನು ರಕ್ಷೆಯೆಂದರು, ಮತ್ತೊಬ್ಬರು ಸಂಕೋಲೆಯೆಂದರು. ಎರಡು ಪಕ್ಷಗಳನ್ನೂ ತೂಗಿ ನೋಡುವುದು ವಿಚಾರವಂತರ ಕರ್ತವ್ಯ.

ಮೊದಲ ಪಕ್ಷದವರು ಹೇಳುವುದಿದು: ಮಾತಿನಿಂದ ಮನೆಗಳು ಉರಿಯುತ್ತವೆ, ಉರಿಯುವ ಮೊದಲೇ ಕಿಡಿಯನ್ನು ನಂದಿಸುವುದು ಧರ್ಮ, ಆದಕಾರಣ ನೋಯಿಸುವ ಮಾತನ್ನೆಲ್ಲ ಅಳಿಸತಕ್ಕದ್ದು. ಎರಡನೆಯ ಪಕ್ಷದವರು ಹೇಳುವುದು: ಮಾತಿಗೆ ಮಾತೇ ಮದ್ದು, ಯಾವುದನ್ನೂ ಅಳಿಸಕೂಡದು. ಇವೆರಡೂ ಅರ್ಧಸತ್ಯಗಳು. ಮೊದಲನೆಯದು ನೋವನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತದೆ. ನೋವಿಗೆ ಮೇರೆಯಿಲ್ಲ, ಪ್ರಶ್ನೆಯೊಂದು ಕೇಳಿದರೂ ನೋಯುವವರುಂಟು. ಎರಡನೆಯದು ಕಾಲವನ್ನು ಮರೆಯುತ್ತದೆ. ನಾಲ್ಕು ಮಂದಿ ಕೈಯಲ್ಲಿ ದೊಣ್ಣೆ ಹಿಡಿದು ನಿಂತಿರುವಾಗ ‘ಇವನೇ ಅವನು’ ಎಂದು ಬೆರಳು ತೋರಿಸಿದವನ ಮಾತಿಗೆ ಉತ್ತರ ಕೊಡಲು ಸಮಯವೆಲ್ಲಿದೆ?

ನಮ್ಮ ರಾಜ್ಯಾಂಗವು ಈ ಸೂಕ್ಷ್ಮವನ್ನು ಬಲ್ಲುದು. 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಅದನ್ನು ನಿರ್ಬಂಧಿಸಬಹುದಾದ ಕಾರಣಗಳನ್ನೂ ಎಣಿಸಿ ಹೇಳಿದೆ: ದೇಶದ ಸಾರ್ವಭೌಮತೆ ಮತ್ತು ಭದ್ರತೆ, ವಿದೇಶಗಳೊಡನೆ ಮೈತ್ರಿ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೀತಿ, ನ್ಯಾಯಾಲಯದ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ‘ನನಗೆ ನೋವಾಯಿತು’ ಎಂಬುದು ಆ ಪಟ್ಟಿಯಲ್ಲಿಲ್ಲ. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ರದ್ದುಪಡಿಸಿದಾಗ ಮಾತಿನಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಅಪ್ರಿಯವಾಗಿದ್ದರೂ ಸ್ವಾತಂತ್ರ್ಯದ ಒಳಗಿವೆ; ಮೂರನೆಯದನ್ನು ಮುಟ್ಟಿದಾಗ ಮಾತ್ರ ಕಾನೂನು ಕೈಯಿಡಬಹುದು. 2020ರ ಜನವರಿ 10ರಂದು, ಕಾಶ್ಮೀರದ ಪ್ರಕರಣದಲ್ಲಿ, ಅಂತರ್ಜಾಲವನ್ನು ಸ್ಥಗಿತಗೊಳಿಸುವ ಆದೇಶಗಳನ್ನು ಪ್ರಕಟಿಸಬೇಕು, ಅವು ಅವಶ್ಯಕತೆಯನ್ನು ಮೀರಕೂಡದು, ಅನಿರ್ದಿಷ್ಟ ಕಾಲ ಮುಂದುವರಿಯಕೂಡದು ಎಂದು ಅದೇ ನ್ಯಾಯಾಲಯ ಹೇಳಿತು.

ಆದುದರಿಂದ ನಮ್ಮ ಅಳತೆಗೋಲು ಇದಾಗಬಹುದು: ಯಾವ ಮಾತಿಗೆ ಮಾತಿನಿಂದ ಉತ್ತರ ಕೊಡಲು ಅವಕಾಶವಿದೆಯೋ ಅದಕ್ಕೆ ಉತ್ತರವನ್ನೇ ಕೊಡಬೇಕು. ಯಾವುದು ಉತ್ತರಕ್ಕೆ ಎಡೆಗೊಡದೆ ಕೈಗೆ ಕತ್ತಿಯನ್ನು ಕೊಡುತ್ತದೆಯೋ ಅದು ಮಾತಿನ ವೇಷ ಧರಿಸಿದ ಕೃತ್ಯ. ಅದನ್ನು ತಡೆಯುವುದು ಅಸಹನೆಯಲ್ಲ.

ಇನ್ನು ತಡೆಯುವವನ ವಿಚಾರ. ಇಂದು ಬಹುಪಾಲು ಮಾತನ್ನು ಉಳಿಸುವವರೂ ಅಳಿಸುವವರೂ ಜಾಲತಾಣಗಳ ಒಡೆತನದ ಸಂಸ್ಥೆಗಳು. ಅವುಗಳ ಹಿಂದೆ ಸರ್ಕಾರದ ಆದೇಶಗಳು. 69ಎ ವಿಧಿಯಡಿ ಕೇಂದ್ರ ಸರ್ಕಾರವು ಹೊರಡಿಸಿದ ತಡೆಯಾಜ್ಞೆಗಳನ್ನು ಪ್ರಶ್ನಿಸಿ ಟ್ವಿಟರ್ ಸಂಸ್ಥೆಯು 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2023ರ ಜೂನ್ 30ರಂದು ಅರ್ಜಿ ವಜಾ ಆಗಿ, ಸಂಸ್ಥೆಗೆ 50 ಲಕ್ಷ ರೂಪಾಯಿಗಳ ದಂಡ ಬಿತ್ತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆ ‘ಸಹಯೋಗ್’ ಎಂಬ ಸರ್ಕಾರಿ ವ್ಯವಸ್ಥೆಯ ವಿರುದ್ಧ ಹೂಡಿದ ದಾವೆಯೂ 2025ರ ಸೆಪ್ಟೆಂಬರ್ 24ರಂದು ಅಲ್ಲಿಯೇ ವಜಾ ಆಯಿತು. ಸಂಸ್ಥೆ ದೊಡ್ಡದೋ ಸರ್ಕಾರ ದೊಡ್ಡದೋ ಎಂಬ ಜಗಳದ ನಡುವೆ ಒಂದು ಸಣ್ಣ ಪ್ರಶ್ನೆ ಉಳಿದೇ ಇದೆ: ಬರೆದವನಿಗೆ ‘ನಿನ್ನ ಮಾತನ್ನು ಇಂಥ ಕಾರಣಕ್ಕಾಗಿ ತೆಗೆದೆವು’ ಎಂದು ತಿಳಿಸಬೇಡವೆ? ಕಾರಣ ಹೇಳದ ಶಿಕ್ಷೆಯಿಂದ ಭಯ ಹುಟ್ಟೀತೇ ಹೊರತು ವಿವೇಕ ಹುಟ್ಟದು.

ನಿಯಂತ್ರಣವೆಂದರೆ ಹೇಗಿರಬೇಕೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ; ನಮ್ಮ ಕರಾವಳಿಯ ತಾಳಮದ್ದಳೆಯನ್ನು ನೋಡಿದರೆ ಸಾಕು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನ ಸಮರ. ಕೃಷ್ಣನೂ ಕೌರವನೂ, ರಾಮನೂ ವಾಲಿಯೂ ಆಶುವಾಗಿ ವಾದಿಸುತ್ತಾರೆ. ಮಾತು ಹರಿತವಾಗಿರುತ್ತದೆ, ಕೆಲವೊಮ್ಮೆ ಮರ್ಮಕ್ಕೂ ತಾಗುತ್ತದೆ. ಆದರೆ ಅವರ ನಡುವೆ ಭಾಗವತನಿದ್ದಾನೆ. ಅರ್ಥಧಾರಿ ಪ್ರಸಂಗದ ಪದ್ಯವನ್ನು ಬಿಟ್ಟು ಎತ್ತಲೋ ಹೋದಾಗ, ಮಾತು ಅತಿಯಾದಾಗ, ಭಾಗವತನು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಅವನು ಸಭೆಯ ಕಣ್ಣೆದುರು ಕುಳಿತವನು. ಅವನ ಕಟ್ಟಳೆ ಇಬ್ಬರಿಗೂ ಒಂದೇ. ಅವನು ಪಕ್ಷಪಾತ ಮಾಡಿದರೆ ಕೇಳುಗರಿಗೆ ಆ ಕ್ಷಣವೇ ತಿಳಿಯುತ್ತದೆ. ಮುಖ್ಯವಾಗಿ, ಅವನು ಎದುರಾಳಿಯ ಸರದಿಯನ್ನು ಕಸಿಯುವುದಿಲ್ಲ. ಜಾಲತಾಣದ ಕಾವಲುಗಾರನಾದರೋ ಅದೃಶ್ಯ. ಅವನ ಕಟ್ಟಳೆ ಇಂದು ಒಂದು, ನಾಳೆ ಒಂದು. ಜಗಳ ಹೆಚ್ಚಿದಷ್ಟೂ ನೋಡುವವರು ಹೆಚ್ಚುತ್ತಾರೆ, ನೋಡುವವರು ಹೆಚ್ಚಿದಷ್ಟೂ ಜಾಹೀರಾತಿನ ಲಾಭ ಹೆಚ್ಚುತ್ತದೆ. ಜಗಳದಿಂದ ಲಾಭ ಪಡೆಯುವವನನ್ನೇ ಜಗಳ ಬಿಡಿಸಲು ಕೂರಿಸಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗದೆ?

ಇಷ್ಟು ಹೇಳಿ ಸರ್ಕಾರವನ್ನೂ ಸಂಸ್ಥೆಗಳನ್ನೂ ದೂರಿ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಸಹಿಷ್ಣುತೆಯ ಪರೀಕ್ಷೆ ನಡೆಯುವುದು ಪರರ ಮನೆಯಲ್ಲಲ್ಲ, ನಮ್ಮ ಮನೆಯಲ್ಲಿ. ಡಾ. ಎಂ. ಎಂ. ಕಲಬುರ್ಗಿಯವರು ವಚನಸಾಹಿತ್ಯಕ್ಕೆ ಜೀವನವನ್ನೇ ಸವೆಸಿದ ವಿದ್ವಾಂಸರು. ಅವರ ‘ಮಾರ್ಗ’ ಗ್ರಂಥದ ಕೆಲವು ಬರಹಗಳಿಂದ ಸಮಾಜದ ಅನೇಕರ ಮನಸ್ಸು ನೊಂದು, 1989ರಲ್ಲಿ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳುವಂತಾಯಿತು. ಒತ್ತಾಯಿಸಿದವರು ಹೊರಗಿನವರಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಆ ಕೊಲೆಗೂ ಹಿಂದಿನ ಪ್ರಸಂಗಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಒತ್ತಾಯದ ನಾಣ್ಯಕ್ಕೆ ಒಮ್ಮೆ ಚಲಾವಣೆ ಕೊಟ್ಟರೆ ಅದು ಯಾರ ಕೈಗೂ ಹೋಗಬಲ್ಲುದೆಂಬುದು ಮಾತ್ರ ನೆನಪಿಡತಕ್ಕ ವಿಷಯ. ಹನ್ನೆರಡನೆಯ ಶತಮಾನವನ್ನು ಕುರಿತ ಶ್ರೀ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ ಮಾತೆ ಮಹಾದೇವಿಯವರ ‘ವಚನದೀಪ್ತಿ’ಗೆ 1998ರಲ್ಲಿ ನಿಷೇಧವಾಯಿತು; ಅದೂ 2017ರಲ್ಲಿ ಸ್ಥಿರವಾಯಿತು.

ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗುತ್ತೇವೆ. ಅಂಕಿತವನ್ನು ತಿದ್ದುವುದು ತಪ್ಪೆಂಬುದೇ ನಮ್ಮ ಅಭಿಪ್ರಾಯವೂ ಆಗಿದೆ. ಆದರೂ ಕೇಳಬೇಕಾದ ಪ್ರಶ್ನೆಯೊಂದಿದೆ. ಫ. ಗು. ಹಳಕಟ್ಟಿಯವರಂಥ ಪುಣ್ಯಪುರುಷರು ಮನೆಮನೆಯ ಕಟ್ಟುಗಳನ್ನು ಶೋಧಿಸಿ ಉಳಿಸಿದ ತಾಳೆಗರಿಗಳೇ ‘ಕೂಡಲಸಂಗಮದೇವ’ ಎಂದು ಸಾಕ್ಷಿ ಹೇಳುತ್ತಿರುವಾಗ, ಪೊಲೀಸರ ಸಾಕ್ಷಿ ನಮಗೇಕೆ ಬೇಕಾಯಿತು? ಖಂಡಿಸಬಲ್ಲ ಶಕ್ತಿಯಿದ್ದವನು ನಿಷೇಧವನ್ನು ಬೇಡುವುದು ತನ್ನ ಶಕ್ತಿಗೆ ತಾನೇ ಮಾಡುವ ಅವಮಾನ. ನಾವು ಇಂದು ಬೇಡಿ ಪಡೆದ ಅಸ್ತ್ರವನ್ನು ನಾಳೆ ಮತ್ತೊಬ್ಬರು ವಚನಗಳ ಮೇಲೆಯೇ ಬೇಡಬಹುದು. ವೇದ, ಜಾತಿ, ಸೂತಕ, ಸ್ಥಾವರಪೂಜೆಗಳನ್ನು ಕುರಿತು ಶರಣರು ಆಡಿದ ಮಾತುಗಳಿಂದ ನೋಯುವವರು ಇಂದಿಗೂ ಇದ್ದಾರಷ್ಟೆ? ನೋವೇ ನ್ಯಾಯವಾದರೆ ಮೊದಲು ಅಳಿಯುವ ಸಾಹಿತ್ಯ ನಮ್ಮದೇ.

ಈ ಸಂದರ್ಭದಲ್ಲಿ ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವು ಮನನೀಯವಾಗಿದೆ. ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಬಿರುನುಡಿಯಿಂದ ಕೂಗಿ ಕರೆಯುತ್ತಾನೆ. ತಮ್ಮ ಗುರುವಿಗೆ ಅಪಮಾನವಾಯಿತೆಂದು ಕೆಲಸದವರು ಕೆರಳಿ ಪ್ರಭುವಿನ ಮೇಲೆ ಕಲ್ಲು ಬೀರುತ್ತಾರೆ. ಸಿದ್ಧರಾಮನೂ ಮೊದಲು ಕೋಪದಿಂದಲೇ ಬರುತ್ತಾನೆ. ಕಡೆಗೆ ಮಾತಿಗೆ ಮಾತು ಕೂಡಿ, ಪ್ರಶ್ನೆಯ ಒಳಹುರುಳನ್ನು ಕಂಡು, ಪ್ರಭುವಿನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ. ಕಲ್ಲು ಬೀರಿದವರು ದುಷ್ಟರಲ್ಲ, ಭಕ್ತಿಯುಳ್ಳವರು. ಇಂದು ಯಾರೋ ಏನೋ ಬರೆದರೆಂದು ನೂರಾರು ಮಂದಿ ಒಮ್ಮೆಗೇ ಮೇಲೆ ಬಿದ್ದು ಬೈಯುವವರಲ್ಲಿಯೂ ಅಂಥ ಭಕ್ತಿಯೇ ಇರಬಹುದು. ಆದರೆ ಅವರ ಕಲ್ಲು ಗೆದ್ದಿದ್ದರೆ ಸಿದ್ಧರಾಮನಿಗೆ ಕಲ್ಯಾಣದ ದಾರಿ ಸಿಕ್ಕುತ್ತಿರಲಿಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಅವನು ಅಲ್ಲಮಪ್ರಭು, ಬಾಯಿಗೆ ಬಂದಂತೆ ಒದರುವವರೆಲ್ಲ ಅಲ್ಲಮರೆ? ನಿಜ, ಅಲ್ಲ. ಸಾವಿರದಲ್ಲಿ ಒಬ್ಬನೂ ಅಲ್ಲದಿರಬಹುದು. ಆದರೆ ಕಲ್ಲನ್ನು ಕೈಗೆತ್ತಿಕೊಂಡವನಿಗೆ ಎದುರಿಗಿರುವವನು ಪ್ರಭುವೋ ಮರುಳನೋ ಎಂಬುದು ಆ ಗಳಿಗೆಯಲ್ಲಿ ತಿಳಿಯದು. ಕೇಳಿದ ಮೇಲೆಯೇ ಅದು ತಿಳಿಯುವುದು. ಮರುಳನ ಮಾತನ್ನು ಕೇಳಿದುದರಿಂದ ಆಗುವ ನಷ್ಟ ಸ್ವಲ್ಪ ಹೊತ್ತು. ಪ್ರಭುವಿನ ಮಾತನ್ನು ಕೇಳದಿದ್ದುದರಿಂದ ಆಗುವ ನಷ್ಟ ಒಂದು ಜನ್ಮ. ಸಂಪಾದನಕಾರರು ಈ ಬಿರುನುಡಿಯನ್ನೂ ಕಲ್ಲೆಸೆತವನ್ನೂ ಸಿದ್ಧರಾಮನ ಕೋಪವನ್ನೂ ಮರೆಮಾಚದೆ ಉಳಿಸಿದರು. ತಮ್ಮವರ ಸೋಲನ್ನೂ ಬರೆದಿಡುವ ಈ ಧೈರ್ಯವೇ ಆ ಗ್ರಂಥದ ಘನತೆ.

ಹಾಗಾದರೆ ಸಾಮಾನ್ಯರಾದ ನಾವು ಮಾಡಬೇಕಾದುದೇನು? ನೈಯಾಯಿಕರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಪರಪಕ್ಷವನ್ನು ಕೆಡಹುವುದಷ್ಟೇ ವಿತಂಡ. ರಾಜಕೀಯವನ್ನು ಕುರಿತ ಇಂದಿನ ಜಾಲತಾಣದ ಚರ್ಚೆಗಳಲ್ಲಿ ವಾದವೆಷ್ಟು, ವಿತಂಡವೆಷ್ಟು ಎಂಬುದನ್ನು ಓದುಗರೇ ಅಳೆಯಲಿ. ವಾದದ ಲಕ್ಷಣ ಒಂದೇ: ಪೂರ್ವಪಕ್ಷವನ್ನು ಎದುರಾಳಿಯೇ ‘ಅಹುದು, ನಾನೆಂದುದು ಇದೇ’ ಎಂದು ಒಪ್ಪುವಂತೆ ಹೇಳಿ, ಅನಂತರ ಉತ್ತರಿಸುವುದು. ನಮ್ಮ ಊರಿನ ಇತಿಹಾಸದಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮತಪ್ರಚಾರಕ್ಕೆಂದೇ ಬಂದವನು. ಆದರೂ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ, ನಮ್ಮ ಬಸವಪುರಾಣ, ಚನ್ನಬಸವಪುರಾಣಗಳನ್ನೂ ಇದೇ ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿದನು. ತನ್ನ ಮತದ ಹೊರಗಿನ ಗ್ರಂಥವನ್ನು ಅಳಿಸದೆ ಅಚ್ಚುಹಾಕಿದ ಆ ಕೆಲಸದಿಂದ ಅವನ ಮತಕ್ಕೆ ಕುಂದು ಬರಲಿಲ್ಲ, ನಮ್ಮ ಮತಕ್ಕೂ ಬರಲಿಲ್ಲ, ಕನ್ನಡ ಬೆಳೆಯಿತು.

ಆದುದರಿಂದ ಯಾವುದೇ ಬರಹವನ್ನು ಮುಂದಕ್ಕೆ ಕಳುಹಿಸುವ ಮೊದಲು, ಯಾವುದನ್ನಾದರೂ ಅಳಿಸಿರೆಂದು ದೂರುವ ಮೊದಲು, ಪ್ರತಿಯೊಬ್ಬನೂ ತನ್ನನ್ನು ತಾನೇ ಮೂರು ಮಾತು ಕೇಳಿಕೊಳ್ಳಲಿ. ಇದು ನಿಜವೆಂದು ನಾನು ಬಲ್ಲೆನೆ? ಯಾರ ಕುರಿತು ಇದಿದೆಯೋ ಅವನ ಮುಖ ನೋಡಿ ನಾನಿದನ್ನು ಆಡಬಲ್ಲೆನೆ? ನನ್ನ ಪಕ್ಷದವನೇ ಇದನ್ನು ಆಡಿದ್ದರೂ ಅಳಿಸಬೇಕೆನ್ನುತ್ತಿದ್ದೆನೆ? ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ, ನಾವು ಕಾಯುತ್ತಿರುವುದು ಸಮಾಜದ ಶಾಂತಿಯನ್ನಲ್ಲ, ನಮ್ಮ ಅಹಂಕಾರವನ್ನು ಎಂದು ತಿಳಿಯಬೇಕು. ಪ್ರಭುತ್ವದ ಕಾವಲು ಕತ್ತಿಯವರೆಗೆ ಮಾತ್ರ ಇರಲಿ. ಸಂಸ್ಥೆಯ ಕಾವಲು ಭಾಗವತನಂತೆ ಬಹಿರಂಗವಾಗಿರಲಿ. ಮಿಕ್ಕುದೆಲ್ಲ ಅವರವರ ನಾಲಗೆಗೆ ಅವರವರೇ ಇಡಬೇಕಾದ ಕಾವಲು. ಆ ಕಾವಲನ್ನು ಬೇರೆಯವರಿಗೆ ಒಪ್ಪಿಸಿ ನಿಶ್ಚಿಂತರಾದವರು ತಮ್ಮ ನುಡಿಯನ್ನೂ ಉಳಿಸಿಕೊಳ್ಳಲಾರರು, ನಡೆಯನ್ನೂ ತಿದ್ದಿಕೊಳ್ಳಲಾರರು.