ಬಿಲ್ಲು ಮುರೀತು, ಯಾರೂ ಸಾಯಲಿಲ್ಲ

ಮಿರಜದಲ್ಲಿರೋ ಮೊಮ್ಮಗನಿಗೆ ಐದು ವರ್ಷ. ಅವನಿಗೆ ವೇಷದ ಆಟ ಬೇಕು, ಅದರಾಗ ಗದ್ದಲಾನೂ ಬೇಕು. ಮೊಬೈಲಿನ ಆಟದಾಗ ಬರೀ ಹೊಡಿ, ಕೊಲ್ಲು. ಹಂಗಂತ ಸಪ್ಪನ ಆಟ ಕೊಟ್ಟರ ಮುಟ್ಟೋದಿಲ್ಲ. ಕೊಲ್ಲದೇ ಶೂರ ಆಗೋ ಆಟ ಯಾವುದು?

ಪಕ್ಕದ ಸಾಂಗಲಿಯೇ ನೆನಪಾಯ್ತು. ಕರ್ನಾಟಕದಿಂದ ಬಂದ ಆಟದವರನ್ನು ನೋಡಿದ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ ಮರಾಠಿ ನಾಟಕ ಆಡಿಸಿದರು. ಅದು ‘ಸೀತಾ ಸ್ವಯಂವರ’. ನಮ್ಮ ಜನ ಹೇಳೋ ಆ ಕತೆಯಾಗ ರಾವಣ ಬಿಲ್ಲೆತ್ತಲಾರದೆ ಬೀಳ್ತಾನ, ರಾಮ ಮುರೀತಾನ. ಅಬ್ಬರ ಐತಿ, ಹೆಣ ಇಲ್ಲ.

ಜೋಳದ ದಂಟಿನ ಬಿಲ್ಲು ಮಾಡಿಕೊಟ್ಟೆ. ಹುಡುಗ ರಾಮ ಆಗಲಿಲ್ಲ, ರಾವಣನೇ ಬೇಕಂದ. ಹತ್ತು ಸಲ ಬಿದ್ದ, ಹತ್ತು ಸಲ ನಕ್ಕ. ಮೊಬೈಲಿನಾಗ ಬಿದ್ದವನು ಬರೀ ಲೆಕ್ಕ. ಇಲ್ಲಿ ಬಿದ್ದವನು ತಾನೇ. ರಾಮನ ಪಾಲು ನನಗ ಬಂತು. ಸೊಂಟ ಹಿಡೀತು.