ಅಶಕ್ತನ ಅರ್ಜಿ ಮತ್ತು ನಮ್ಮ ನ್ಯಾಯ

'ನನ್ನಿಂದ ಇನ್ನು ಕೆಲಸ ಮಾಡಲಾಗುವುದಿಲ್ಲ, ನಿವೃತ್ತಿ ಕೊಡಿ' ಎಂದು ಕಾಯಿಲೆಬಿದ್ದ ನೌಕರನೊಬ್ಬ ಬರೆದುಕೊಟ್ಟರೆ, ಅದನ್ನು ಅವನ ಸ್ವಂತ ಇಚ್ಛೆಯೆಂದು ಸ್ವೀಕರಿಸಬಹುದೇ? ಕಚೇರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಅರ್ಜಿಯಿದೆ, ಸಹಿಯಿದೆ, ವೈದ್ಯರ ಪ್ರಮಾಣಪತ್ರವೂ ಇದೆ. ಕಡತ ಮುಂದಿನ ಮೇಜಿಗೆ ಹೋಗುತ್ತದೆ. ಆದರೆ ನ್ಯಾಯವನ್ನು ಬಯಸುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ಸಹಾಯಕ ಲೈನ್‌ಮನ್ ಆಗಿದ್ದ ಭಗವಾನ್ ದಾಸ್ 1994ರಲ್ಲಿ, ಸೇವೆಯಲ್ಲಿರುವಾಗಲೇ, ಸಂಪೂರ್ಣವಾಗಿ ದೃಷ್ಟಿ ಕಳೆದುಕೊಂಡರು. 1996ರಲ್ಲಿ ಅವರು ಪತ್ರ ಬರೆದು, ತಮಗೆ ನಿವೃತ್ತಿ ನೀಡಿ ಪತ್ನಿಗೆ ಒಂದು ಕೆಲಸ ಕೊಡಬೇಕೆಂದು ಕೇಳಿಕೊಂಡರು. 1997ರಲ್ಲಿ ಮಂಡಳಿ ಅವರನ್ನು ನಿವೃತ್ತಿಗೊಳಿಸಿತು. ಆದರೆ ಅಷ್ಟರಲ್ಲಿ 1995ರ ಅಂಗವಿಕಲರ ಕಾಯ್ದೆ ಜಾರಿಗೆ ಬಂದಿತ್ತು. ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ಅದೇ ವೇತನದಲ್ಲಿ ಬೇರೆ ಕೆಲಸ ಕೊಡಬೇಕು, ಅಂಥ ಕೆಲಸವಿಲ್ಲದಿದ್ದರೆ ಅವನಿಗಾಗಿ ಹೆಚ್ಚುವರಿ ಹುದ್ದೆ ಸೃಷ್ಟಿಸಬೇಕು ಎಂದು ಅದರ 47ನೇ ಸೆಕ್ಷನ್ ಹೇಳುತ್ತಿತ್ತು. ಇದನ್ನು ಆ ಬಡ ನೌಕರನಿಗೆ ಯಾರೂ ಹೇಳಲಿಲ್ಲ. ಹಕ್ಕಿನ ಅರಿವಿಲ್ಲದವನಿಗೆ ಅದನ್ನು ತಿಳಿಸಿಕೊಡುವುದು ಅಧಿಕಾರಿಗಳ ಕರ್ತವ್ಯವಾಗಿತ್ತೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿವೃತ್ತಿ ವಯಸ್ಸಿನವರೆಗೂ ಅವರು ಸೇವೆಯಲ್ಲಿದ್ದರೆಂದೇ ಪರಿಗಣಿಸಿತು. ಗೊತ್ತಿಲ್ಲದೆ ಬಿಟ್ಟುಕೊಟ್ಟ ಹಕ್ಕನ್ನು ಮನಸಾರೆ ಬಿಟ್ಟುಕೊಟ್ಟದ್ದೆಂದು ಹೇಳಲಾಗದು.

ಇದಕ್ಕೂ ಮೊದಲು, 2003ರಲ್ಲಿ, ಕುನಾಲ್ ಸಿಂಗ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತ್ತು. ಎಡಗಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಅಶಕ್ತತೆಯ ಪಿಂಚಣಿ ಕೊಟ್ಟು ಮನೆಗೆ ಕಳುಹಿಸಲಾಗಿತ್ತು. ಪಿಂಚಣಿ ಸಿಕ್ಕಿತೆಂಬ ಕಾರಣಕ್ಕೆ ಕೆಲಸದ ಹಕ್ಕು ಇಲ್ಲವಾಗುವುದಿಲ್ಲ ಎಂದಿತು ನ್ಯಾಯಾಲಯ. 2016ರ ಹೊಸ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿಯೂ ಇದೇ ರಕ್ಷಣೆಯಿದೆ.

ಇಲ್ಲಿ ಒಂದು ಮೂಲಭೂತ ಪ್ರಶ್ನೆಯಿದೆ. ಅಶಕ್ತತೆ ಇರುವುದು ಎಲ್ಲಿ? ವೈದ್ಯಕೀಯ ಮಂಡಳಿ ಅದನ್ನು ದೇಹದಲ್ಲಿ ಹುಡುಕಿ ಶೇಕಡಾವಾರು ಬರೆದುಕೊಡುತ್ತದೆ. ಅದೂ ಬೇಕು. ಆದರೆ ಕಂಬ ಹತ್ತಲಾಗದವನು ದೂರವಾಣಿಯ ಮುಂದೆ ಕುಳಿತು ಜನರ ದೂರುಗಳನ್ನು ಕೇಳಬಲ್ಲ. ಅವನಿಗೆ ಕುರ್ಚಿ ಕೊಡದ ಸಂಸ್ಥೆ ಅವನನ್ನು ಅಶಕ್ತನೆಂದು ಕರೆದರೆ ಆ ಅಶಕ್ತತೆಯಲ್ಲಿ ಸಂಸ್ಥೆಗೂ ಪಾಲಿದೆ. ಹಾಗೆಂದು ನಿಜವಾಗಿಯೂ ದಣಿದವನನ್ನು ಹಿಡಿದಿಟ್ಟುಕೊಳ್ಳಬೇಕೆಂದಲ್ಲ. ಎರಡು ಬಾಗಿಲುಗಳನ್ನೂ ತೋರಿಸಿ, ಆಯ್ಕೆಯನ್ನು ಅವನಿಗೇ ಬಿಡಬೇಕು.

'ಸುಳ್ಳು ಪ್ರಮಾಣಪತ್ರ ತರುವವರೂ ಇದ್ದಾರಲ್ಲ, ಇದು ಸಾರ್ವಜನಿಕರ ಹಣವಲ್ಲವೇ?' ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ತಪಾಸಣೆ ಇರಲೇಬೇಕು. ಆದರೆ ಎರಡು ಬಗೆಯ ತಪ್ಪುಗಳೂ ಸಮಾನವೇ? ಅನರ್ಹನಿಗೆ ಹೋದ ಪಿಂಚಣಿಯನ್ನು ಮರುಪರಿಶೀಲಿಸಿ ನಿಲ್ಲಿಸಬಹುದು. ಅರ್ಹನೊಬ್ಬ ಕಚೇರಿಯಿಂದ ಕಚೇರಿಗೆ ಅಲೆದು ಕಳೆದ ವರ್ಷಗಳನ್ನು, ಆ ಅವಧಿಯಲ್ಲಿ ಶಾಲೆ ಬಿಟ್ಟ ಅವನ ಮಗಳ ಓದನ್ನು ಯಾವ ಆದೇಶವೂ ಮರಳಿಸದು. ಸಂದೇಹದ ಭಾರವನ್ನು ಹೊರಬೇಕಾದವನು ಬಲವುಳ್ಳವನು. 2013ರಲ್ಲಿ ಧರಮ್‌ವೀರ್ ಸಿಂಗ್ ಎಂಬ ಸೈನಿಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿಯಿತು. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ, ಅದು ಸೇವೆಯಿಂದ ಬಂದುದಲ್ಲವೆಂದು ತೋರಿಸಬೇಕಾದದ್ದು ಸೇನೆಯೇ ಹೊರತು ಸೈನಿಕನಲ್ಲ ಎಂದಿತು. ಸೇನೆಯ ಈ ನಿಯಮಗಳನ್ನು 2023ರಲ್ಲಿ ಹೊಸದಾಗಿ ಬರೆಯಲಾಗಿದೆ. ನಿಯಮ ಬದಲಾದರೂ ಆ ತೀರ್ಪು ಎತ್ತಿದ ನೈತಿಕ ಪ್ರಶ್ನೆ ಹಾಗೆಯೇ ಉಳಿದಿದೆ.

ನಿಯಮಗಳು ಮಾನವೀಯವಾಗಲಾರವು ಎಂದೇನೂ ಇಲ್ಲ. ಕೇಂದ್ರ ಸರ್ಕಾರದ 1972ರ ಪಿಂಚಣಿ ನಿಯಮಗಳ ಪ್ರಕಾರ ಹತ್ತು ವರ್ಷ ಸೇವೆ ಪೂರೈಸದೆ ಅಶಕ್ತನಾದವನಿಗೆ ಮಾಸಿಕ ಪಿಂಚಣಿ ಇರಲಿಲ್ಲ. ಬೇಗ ಅಪಘಾತಕ್ಕೊಳಗಾದದ್ದೇ ಅವನ ಅಪರಾಧ ಎಂಬಂತಿದ್ದ ಈ ನಿಯಮವನ್ನು 2019ರಲ್ಲಿ ತಿದ್ದಲಾಯಿತು.

ಆದರೆ ಖಾಸಗಿ ಕಾರ್ಖಾನೆಯ ಕಾರ್ಮಿಕನ ಪಾಡೇನು? 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಅಂಗವೈಕಲ್ಯದ ಪಿಂಚಣಿ ಪಡೆಯಬಹುದು. ಅದಕ್ಕೆ ವೈಕಲ್ಯ ಶಾಶ್ವತವೂ ಸಂಪೂರ್ಣವೂ ಆಗಿರಬೇಕು. 2014ರಲ್ಲಿ ಆ ಯೋಜನೆಗೆ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. 20ನೇ ಸೆಕ್ಷನ್‌ನ ರಕ್ಷಣೆ ಅವನಿಗಿಲ್ಲ. ಅದು ಸರ್ಕಾರಿ ಸಂಸ್ಥೆಗಳಿಗಷ್ಟೇ ಅನ್ವಯಿಸುತ್ತದೆ.

ಆರೋಗ್ಯವಂತರಾದ ನಾವು ಪಿಂಚಣಿಯನ್ನು ಸರ್ಕಾರದ ಔದಾರ್ಯವೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದು, ಕೈಕಾಲು ಗಟ್ಟಿಯಿದ್ದಾಗ ದುಡಿದವನಿಗೆ ಸಮಾಜ ಕೊಟ್ಟ ಮಾತು. ಆ ಮಾತು ಪರೀಕ್ಷೆಗೊಳಗಾಗುವುದು ದುಡಿದವನು ಬಿದ್ದ ದಿನ. ಅಂದು ಅವನ ಅರ್ಜಿಯನ್ನು ಕೈಗೆತ್ತಿಕೊಳ್ಳುವ ಗುಮಾಸ್ತ 'ಸಹಿ ಎಲ್ಲಿ?' ಎಂದು ಕೇಳುವ ಮೊದಲು 'ನಿಮಗೆ ಇನ್ನೊಂದು ದಾರಿಯೂ ಇದೆ, ಗೊತ್ತೇ?' ಎಂದು ಕೇಳಿದರೆ ಸಾಕು, ನ್ಯಾಯದ ಬಹುಪಾಲು ಕೆಲಸ ಆ ಮೇಜಿನ ಬಳಿಯೇ ಮುಗಿಯುತ್ತದೆ.